ಕ್ಷೇತ್ರಕಾರ್ಯದ ವೆಚ್ಚ ಮತ್ತು ವಿಷಯದ ಆಯ್ಕೆ: ಮಾನವಶಾಸ್ತ್ರದ ಸಂಶೋಧನಾ ವೇತನಗಳ ಚರಿತ್ರೆಯ ಕೆಲವು ಪುಟಗಳು

ಮಾನವಶಾಸ್ತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಸಿದ್ಧಾಂತಗಳ ವಂಶಾವಳಿಯನ್ನೇ ಬರೆದಿದ್ದಾರೆ. ವಿಕಾಸವಾದ, ಪ್ರಸರಣವಾದ, ಕಾರ್ಯವಾದ, ರಚನಾವಾದ ಎಂದು ಅಧ್ಯಾಯಗಳು ಒಂದರ ಹಿಂದೆ ಒಂದು ಸಾಗುತ್ತವೆ. ಆದರೆ ಈ ಸಿದ್ಧಾಂತಗಳನ್ನು ಕಟ್ಟಿದವರು ದೂರದ ದ್ವೀಪಕ್ಕೋ ಗುಡ್ಡಗಾಡಿಗೋ ಹೋಗಿ ವರ್ಷಗಟ್ಟಲೆ ಉಳಿಯಲು ಹಣ ಕೊಟ್ಟವರು ಯಾರು, ಯಾವ ಷರತ್ತಿನ ಮೇಲೆ ಕೊಟ್ಟರು, ಅದನ್ನು ಪಡೆಯಲು ಅರ್ಜಿಯಲ್ಲಿ ಏನನ್ನು ಬರೆಯಬೇಕಾಗಿತ್ತು ಎಂಬ ಪ್ರಶ್ನೆಗಳು ಮುನ್ನುಡಿಯ ಕೃತಜ್ಞತೆಯ ನಾಲ್ಕು ಸಾಲುಗಳಲ್ಲಿ ಮುಗಿದುಹೋಗುತ್ತವೆ. ಜಾರ್ಜ್ ಸ್ಟಾಕಿಂಗ್ ಅವರಂತಹ ಕೆಲವರು ಮಾತ್ರ ಈ ಕಡೆ ಗಂಭೀರವಾಗಿ ಗಮನ ಹರಿಸಿದ್ದಾರೆ. ಸಂಶೋಧನಾ ವೇತನವು ಕೇವಲ ಪ್ರಯಾಣ ಮತ್ತು ಊಟದ ಖರ್ಚಲ್ಲ. ಯಾರು ಸಂಶೋಧಕರಾಗಬಹುದು, ಯಾವ ಪ್ರಶ್ನೆಯನ್ನು ಕೇಳಬಹುದು, ದೊರೆತ ಸಾಮಗ್ರಿ ಯಾರ ಸ್ವತ್ತು ಎಂಬುದನ್ನೂ ಅದು ನಿರ್ಧರಿಸುತ್ತ ಬಂದಿದೆ.

ಮೈಸೂರು ಸಂಸ್ಥಾನದಲ್ಲಿ ಈ ಶಾಸ್ತ್ರವು ಅರ್ಜಿಯಿಂದ ಆರಂಭವಾಗಲಿಲ್ಲ, ಸರ್ಕಾರಿ ಆದೇಶದಿಂದ ಆರಂಭವಾಯಿತು. 20ನೆಯ ಶತಮಾನದ ಆದಿಯಲ್ಲಿ ಭಾರತದಾದ್ಯಂತ ಕೈಗೊಂಡ ಜನಾಂಗ ಸಮೀಕ್ಷೆಯ ಅಂಗವಾಗಿ ಇಲ್ಲಿನ ಹೊಣೆ ಎಚ್.ವಿ. ನಂಜುಂಡಯ್ಯನವರಿಗೆ ಬಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಆದ ಅವರು ಅಧಿಕಾರಿಯಾಗಿಯೇ ಜಾತಿಗಳನ್ನು ಕುರಿತ ಕಿರುಹೊತ್ತಗೆಗಳನ್ನು ಸಿದ್ಧಪಡಿಸಿದರು. 1920ರಲ್ಲಿ ಅವರು ತೀರಿಕೊಂಡರು. ಆ ಸಾಮಗ್ರಿಯನ್ನು ಆಧರಿಸಿ, ವಿಸ್ತರಿಸಿ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು 1928ರಿಂದ 1935ರ ಅವಧಿಯಲ್ಲಿ ನಾಲ್ಕು ಸಂಪುಟಗಳನ್ನು ಹೊರತಂದರು. ವಿಷಯ, ಪ್ರಶ್ನಾವಳಿ, ಕ್ರಮ ಎಲ್ಲವೂ ಆಡಳಿತದ ಅಗತ್ಯದಿಂದ ಮೊದಲೇ ಗೊತ್ತಾಗಿದ್ದವು. ಇಂತಹ ಕಾರ್ಯದಲ್ಲಿ ಸಂಶೋಧಕನು ಹಣವನ್ನು ಹುಡುಕಬೇಕಾಗಿರಲಿಲ್ಲ. ಹಾಗೆಯೇ ಪ್ರಶ್ನೆಯನ್ನೂ ಹುಡುಕಬೇಕಾಗಿರಲಿಲ್ಲ.

ಇಂಗ್ಲೆಂಡಿನಲ್ಲಿ ಇದೇ ಹೊತ್ತಿಗೆ ಬೇರೊಂದು ಮಾದರಿ ರೂಪುಗೊಳ್ಳುತ್ತಿತ್ತು. 1898ರಲ್ಲಿ ಟಾರೆಸ್ ಜಲಸಂಧಿಗೆ ಹೋದ ಕೇಂಬ್ರಿಜ್ ತಂಡದ ಕಿರಿಯ ಸದಸ್ಯ ಆಂಥೊನಿ ವಿಲ್ಕಿನ್ 1901ರಲ್ಲಿ ಕೈರೊ ನಗರದಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಅವರ ಸ್ಮರಣಾರ್ಥ ಸ್ಥಾಪಿತವಾದ ವಿದ್ಯಾರ್ಥಿವೇತನವೇ ಎ.ಆರ್. ರ್‍ಯಾಡ್‌ಕ್ಲಿಫ್ ಬ್ರೌನ್ ಅವರನ್ನು 1906ರಲ್ಲಿ ಅಂಡಮಾನ್ ದ್ವೀಪಗಳಿಗೆ ಕಳುಹಿಸಿತು. ಇದಕ್ಕಿಂತ ಮಹತ್ವದ ದಾಖಲೆಯೊಂದು 1913ರಲ್ಲಿ ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಪ್ರಕಟಣೆಯಾಗಿ ಬಂದಿತು. ನೀಲಗಿರಿಯ ತೋಡರನ್ನು ಅಧ್ಯಯನ ಮಾಡಿದ ಡಬ್ಲ್ಯು.ಎಚ್.ಆರ್. ರಿವರ್ಸ್ ಅದರಲ್ಲಿ ಮಾನವಶಾಸ್ತ್ರದ ಮುಂದಿನ ಅಗತ್ಯಗಳನ್ನು ವಿವರಿಸಿದರು. ನಾನೂರು ಐನೂರು ಜನರಿರುವ ಒಂದು ಸಮುದಾಯದಲ್ಲಿ ವರ್ಷವೋ ಅದಕ್ಕೂ ಹೆಚ್ಚು ಕಾಲವೋ ನೆಲೆಸಿ, ಜನರ ಭಾಷೆಯಲ್ಲಿಯೇ ಅವರ ಬದುಕಿನ ಎಲ್ಲ ವಿವರಗಳನ್ನು ಅರಿಯುವುದೇ ತೀವ್ರ ಅಧ್ಯಯನ ಎಂದು ಅವರು ನಿರೂಪಿಸಿದರು. ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣುವ ಕ್ಷೇತ್ರಕಾರ್ಯದ ಈ ಲಕ್ಷಣವು ಮೊದಲು ಸ್ಪಷ್ಟ ರೂಪ ತಳೆದದ್ದು ಶುದ್ಧ ಸಿದ್ಧಾಂತದ ಗ್ರಂಥದಲ್ಲಲ್ಲ, ಧನಸಹಾಯ ನೀಡಬಲ್ಲ ಸಂಸ್ಥೆಗೆ ಸಲ್ಲಿಸಿದ ವರದಿಯಲ್ಲಿ ಎಂಬುದು ಗಮನಾರ್ಹ.

ಮರುವರ್ಷವೇ ಈ ಮಾದರಿಗೆ ಉದಾಹರಣೆಯೊಂದು ದೊರೆಯಿತು. ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ 1914ರಲ್ಲಿ ಗುರು ಸೆಲಿಗ್‌ಮನ್ ಅವರ ಪ್ರಯತ್ನದಿಂದ ಲಂಡನ್ ವಿಶ್ವವಿದ್ಯಾನಿಲಯದ ರಾಬರ್ಟ್ ಮಾಂಡ್ ಪ್ರವಾಸಿ ವಿದ್ಯಾರ್ಥಿವೇತನವನ್ನು ಪಡೆದು ಆಸ್ಟ್ರೇಲಿಯಾ ತಲುಪುವ ವೇಳೆಗೆ ಮಹಾಯುದ್ಧ ಆರಂಭವಾಗಿತ್ತು. ಆಸ್ಟ್ರಿಯಾದ ಪ್ರಜೆಯಾದ ಅವರು ಕಾನೂನಿನ ದೃಷ್ಟಿಯಲ್ಲಿ ಶತ್ರು. ಆದರೂ ಆಸ್ಟ್ರೇಲಿಯಾ ಸರ್ಕಾರವೇ ಅವರ ಕಾರ್ಯಕ್ಕೆ ಹಣ ನೀಡಿತು. ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಅವರು ಕಳೆದ ಎರಡು ದೀರ್ಘ ಅವಧಿಗಳ ಹಿಂದೆ ವಿಧಿಯ ಆಟಕ್ಕಿಂತ ಹೆಚ್ಚಾಗಿ ಈ ಸಹಾಯವೇ ಇತ್ತೆನ್ನಬೇಕು. ಮುಂದೆ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಲಂಡನ್ನಿನ ಆಫ್ರಿಕಾ ಅಧ್ಯಯನ ಸಂಸ್ಥೆಯು ನೀಡಿದ ವೇತನಗಳ ಮೂಲಕ ಒಂದು ತಲೆಮಾರಿನ ಪ್ರತಿಭೆ ಆಫ್ರಿಕಾದ ಕಡೆಗೆ ಹರಿಯಿತು. ಮೇಯರ್ ಫೋರ್ಟೆಸ್, ನಾಡೆಲ್ ಮೊದಲಾದವರು ಅಲ್ಲಿಗೆ ಹೋದದ್ದು ಆಫ್ರಿಕಾ ಸ್ವಭಾವತಃ ಹೆಚ್ಚು ಅಧ್ಯಯನಯೋಗ್ಯವಾಗಿತ್ತೆಂದಲ್ಲ. ಹಣ ಅಲ್ಲಿಗೆ ಹೋಗುವವರಿಗೆ ಇತ್ತು.

ಭಾರತದ ಸಂದರ್ಭದಲ್ಲಿ ಸಂಸ್ಥಾನಗಳ ವಿದ್ಯಾರ್ಥಿವೇತನಕ್ಕೆ ವಿಶೇಷ ಸ್ಥಾನವಿದೆ. ಬರೋಡದ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಮೂರು ವರ್ಷಗಳ ಅವಧಿಗೆ ತಿಂಗಳಿಗೆ 11.5 ಪೌಂಡುಗಳಂತೆ ನೀಡಿದ ವೇತನದಿಂದ ಬಿ.ಆರ್. ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅವರ ಮುಖ್ಯ ವಿಷಯ ಅರ್ಥಶಾಸ್ತ್ರವಾಗಿದ್ದರೂ, 1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಉಗಮ ಮತ್ತು ಬೆಳವಣಿಗೆಯನ್ನು ಕುರಿತು ಪ್ರಬಂಧವನ್ನು ಮಂಡಿಸಿದರು. ಮರುವರ್ಷ ಅದು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟವಾಯಿತು.  ಆ ವೇತನ ವ್ಯಕ್ತಿಯ ಮೇಲೆ ನಿರ್ಬಂಧವನ್ನು ಹೇರಿತು. ವ್ಯಾಸಂಗದ ನಂತರ ಹತ್ತು ವರ್ಷ ಬರೋಡದಲ್ಲಿ ಸೇವೆ ಸಲ್ಲಿಸಬೇಕೆಂಬುದು ಷರತ್ತು. 1917ರಲ್ಲಿ ಅದರಂತೆ ಹೋದ ಅಂಬೇಡ್ಕರ್ ಅವರಿಗೆ ಆ ನಗರದಲ್ಲಿ ತಲೆಯ ಮೇಲೊಂದು ಸೂರು ಸಿಗಲಿಲ್ಲ. ವೇತನದ ಕರಾರಿನಲ್ಲಿ ಜಾತಿಯ ಉಲ್ಲೇಖವಿರಲಿಲ್ಲ, ಊರಿನಲ್ಲಿತ್ತು.

ಅದೇ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರ ವಿಭಾಗದ ಮತ್ತೊಂದು ಪ್ರಕರಣ ಹೆಚ್ಚು ವಿವರವಾದ ಪರಿಶೀಲನೆಗೆ ಅರ್ಹವಾದುದು. ಆಫ್ರಿಕನ್ ಅಮೆರಿಕನ್ ಲೇಖಕಿ ಜೋರಾ ನೀಲ್ ಹರ್ಸ್ಟನ್ 1925ರಲ್ಲಿ ಬರ್ನಾರ್ಡ್ ಕಾಲೇಜನ್ನು ಸೇರಿ ಫ್ರಾಂಜ್ ಬೋವಾಸ್ ಅವರ ಶಿಷ್ಯೆಯಾದರು. 1927ರಲ್ಲಿ ಬೋವಾಸ್ ಅವರ ಪ್ರಯತ್ನದಿಂದ 1,400 ಡಾಲರುಗಳ ವೇತನ ದೊರೆಯಿತು. ಕಾರ್ಟರ್ ವುಡ್ಸನ್ ಅವರ ನೀಗ್ರೋ ಚರಿತ್ರೆಯ ಸಂಸ್ಥೆಯೂ ಎಲ್ಸಿ ಕ್ಲೂಸ್ ಪಾರ್ಸನ್ಸ್ ಅವರ ಮೂಲಕ ಜಾನಪದ ಸಂಘವೂ ಆ ಹಣವನ್ನು ಹಂಚಿಕೊಂಡು ಕೊಟ್ಟವು. ತಾವು ಬೆಳೆದ ಫ್ಲೋರಿಡಾಕ್ಕೇ ಹೋಗಿ ಕಥೆ, ಹಾಡುಗಳನ್ನು ಸಂಗ್ರಹಿಸಲು ಹೊರಟ ಹರ್ಸ್ಟನ್ ಅವರಿಗೆ ಮೊದಲ ಯಾತ್ರೆ ಫಲಿಸಲಿಲ್ಲ. ಕಾಲೇಜಿನ ನಾಜೂಕು ಉಚ್ಚಾರಣೆಯಲ್ಲಿ ಕೇಳಿದಾಗ ತಮ್ಮ ಜನರೇ ಬಾಯಿ ಬಿಡಲಿಲ್ಲವೆಂದು ಅವರು ಮುಂದೆ ಬರೆದುಕೊಂಡರು.

ಆ ವರ್ಷದ ಡಿಸೆಂಬರಿನಲ್ಲಿ ಶಾರ್ಲಟ್ ಆಸ್‌ಗುಡ್ ಮೇಸನ್ ಎಂಬ ಶ್ರೀಮಂತ ಮಹಿಳೆಯೊಂದಿಗೆ ಅವರು ಸಹಿ ಮಾಡಿದ ಕರಾರು, ಸಂಶೋಧನಾ ಪೋಷಣೆಯ ಚರಿತ್ರೆಯಲ್ಲಿಯೇ ಅತ್ಯಂತ ನೇರವಾದ ದಾಖಲೆಗಳಲ್ಲೊಂದು. ತಿಂಗಳಿಗೆ 200 ಡಾಲರು ಮತ್ತು ಒಂದು ಮೋಟಾರು ವಾಹನ. ಪ್ರತಿಯಾಗಿ, ಸಂಗ್ರಹಿಸಿದ ಸಾಮಗ್ರಿಯೆಲ್ಲ ಪೋಷಕಿಯ ಸ್ವತ್ತು. ಅವರ ಅನುಮತಿಯಿಲ್ಲದೆ ಪ್ರಕಟಿಸುವಂತಿರಲಿಲ್ಲ, ಇತರರಿಗೆ ತೋರಿಸುವಂತೆಯೂ ಇರಲಿಲ್ಲ. ಕರಿಯರ ಜಾನಪದದಲ್ಲಿ ನಾಗರಿಕತೆಯಿಂದ ಕೆಡದ ಆದಿಮ ಸತ್ವವಿದೆಯೆಂಬ ನಂಬಿಕೆ ಮೇಸನ್ ಅವರದು. ಹಣ ಆ ನಂಬಿಕೆಗೆ ಕಟ್ಟುಬಿದ್ದಿತ್ತು. ಒಂದು ಸಮುದಾಯ ತಲೆಮಾರುಗಳಿಂದ ಹೇಳುತ್ತ ಬಂದ ಕಥೆಗಳು, ಆ ಸಮುದಾಯದವಳೇ ಆದ ಸಂಗ್ರಾಹಕಿಯ ಕೈಯಿಂದ ದಾಟಿ, ಮೂರನೆಯವರ ಕಪಾಟನ್ನು ಸೇರುವ ಈ ವ್ಯವಸ್ಥೆಯಲ್ಲಿ ಕಥೆ ಹೇಳಿದವರ ಪ್ರಸ್ತಾಪವೇ ಇಲ್ಲ. ಸಂಗ್ರಹವು 'ಮ್ಯೂಲ್ಸ್ ಅಂಡ್ ಮೆನ್' ಎಂಬ ಗ್ರಂಥವಾಗಿ ಬೋವಾಸ್ ಅವರ ಮುನ್ನುಡಿಯೊಂದಿಗೆ ಹೊರಬರಲು 1935ರವರೆಗೆ ಕಾಯಬೇಕಾಯಿತು.

ಸಂಸ್ಥೆಗಳ ವೇತನವಾದರೂ ಸರಳವಾಗಿತ್ತೇ? ರೋಸೆನ್‌ವಾಲ್ಡ್ ನಿಧಿಯು ಕೊಲಂಬಿಯಾದಲ್ಲಿ ಡಾಕ್ಟರೇಟ್ ವ್ಯಾಸಂಗಕ್ಕಾಗಿ ಎರಡು ವರ್ಷಗಳಿಗೆ 3,000 ಡಾಲರುಗಳ ಆಶ್ವಾಸನೆ ನೀಡಿ, ವ್ಯಾಸಂಗದ ಯೋಜನೆ ತನಗೆ ಒಪ್ಪಿಗೆಯಾಗಲಿಲ್ಲವೆಂದು 1935ರ ಆರಂಭದಲ್ಲಿ ಅದನ್ನು ಏಳು ತಿಂಗಳಿಗೆ 700 ಡಾಲರುಗಳಿಗೆ ಇಳಿಸಿತು. ಹರ್ಸ್ಟನ್ ಡಾಕ್ಟರೇಟ್ ಪಡೆಯಲೇ ಇಲ್ಲ. ಇದಕ್ಕೆ ಅವರ ಅಸ್ಥಿರ ಸ್ವಭಾವವನ್ನು ಕಾರಣವಾಗಿ ಹೇಳುವವರಿದ್ದಾರೆ. ಏಳು ತಿಂಗಳ ಹಣದಲ್ಲಿ ಯಾವ ಸ್ಥಿರ ಸ್ವಭಾವದವರು ಡಾಕ್ಟರೇಟ್ ಮುಗಿಸುತ್ತಿದ್ದರೆಂಬುದನ್ನು ಅವರು ಹೇಳುವುದಿಲ್ಲ. ಗುಗೆನ್‌ಹೈಮ್ ವೇತನಕ್ಕೆ ಹರ್ಸ್ಟನ್ ಸಲ್ಲಿಸಿದ್ದ ಮೊದಲ ಅರ್ಜಿ ತಿರಸ್ಕೃತವಾಗಿತ್ತು. 1936ರಲ್ಲಿ ವೆಸ್ಟ್ ಇಂಡೀಸಿನ ಮಾಂತ್ರಿಕ ಆಚರಣೆಗಳ ಅಧ್ಯಯನಕ್ಕಾಗಿ ಅದು ದೊರೆತು, ಮರುವರ್ಷವೂ ಮುಂದುವರಿಯಿತು. ಆ ಹಣದಲ್ಲಿ ಹೈಟಿಯಲ್ಲಿದ್ದಾಗಲೇ ಏಳು ವಾರಗಳಲ್ಲಿ ಅವರು ಬರೆದ ಕಾದಂಬರಿ 'ದೇರ್ ಐಸ್ ವರ್ ವಾಚಿಂಗ್ ಗಾಡ್'. ಅರ್ಜಿಯಲ್ಲಿ ಅದರ ಸುಳಿವೂ ಇರಲಿಲ್ಲ. ವೇತನ ನೀಡಿದ ಸಂಸ್ಥೆಗೆ ಇಂದು ಕೀರ್ತಿ ತರುತ್ತಿರುವುದು ಅರ್ಜಿಯ ಪ್ರಕಾರ ಬರೆದ ಜನಾಂಗ ವಿವರಣೆಗಿಂತ ಈ ಕಾದಂಬರಿಯೇ.

ಅರ್ಜಿಯೇ ಇಲ್ಲದೆ ನಡೆದ ಕ್ಷೇತ್ರಕಾರ್ಯದ ನಿದರ್ಶನವನ್ನು ಕರ್ನಾಟಕದಿಂದಲೇ ನೀಡಬಹುದು. ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಘುರ್ಯೆ ಅವರ ಬಳಿ, ಅನಂತರ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿದ ಎಂ.ಎನ್. ಶ್ರೀನಿವಾಸ್ ಅವರಿಗೆ ಆಕ್ಸ್‌ಫರ್ಡಿನಲ್ಲಿ ಭಾರತೀಯ ಸಮಾಜಶಾಸ್ತ್ರದ ಉಪನ್ಯಾಸಕ ಹುದ್ದೆ ದೊರೆಯಿತು. ಮೊದಲ ವರ್ಷವನ್ನು ಗ್ರಾಮವೊಂದರಲ್ಲಿ ಕಳೆಯಲು ಇವಾನ್ಸ್ ಪ್ರಿಚರ್ಡ್ ಅವಕಾಶ ಮಾಡಿಕೊಟ್ಟರು. 1948ರಲ್ಲಿ ಶ್ರೀನಿವಾಸ್ 'ರಾಂಪುರ' ಎಂಬ ಕಲ್ಪಿತ ಹೆಸರಿನಿಂದ ಪ್ರಸಿದ್ಧವಾದ ಹಳ್ಳಿಗೆ ಬಂದರು. ಆ ಪ್ರದೇಶವನ್ನು ಆರಿಸಿಕೊಂಡುದರಲ್ಲಿ ತಮ್ಮ ಪೂರ್ವಜರ ಊರಿನ ಸಾಮೀಪ್ಯದ ಭಾವನಾತ್ಮಕ ಕಾರಣವೂ ಇತ್ತೆಂಬುದನ್ನು ಅವರು ಮರೆಮಾಚಲಿಲ್ಲ. ಇಂದಿನ ಯಾವ ಆಯ್ಕೆ ಸಮಿತಿಯೂ ಈ ಕಾರಣವನ್ನು ಒಪ್ಪಲಾರದು. 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಅವರ ಬರಹಗಳಲ್ಲಿ ರೂಪ ತಳೆದದ್ದು 1950ರ ದಶಕದಲ್ಲಿ. 1959ರ ಲೇಖನದಲ್ಲಿ ಅದರ ವಿಸ್ತೃತ ನಿರೂಪಣೆಯಿದೆ. ಹಳ್ಳಿಗೆ ಹೊರಡುವ ಮುನ್ನವೇ ಊಹಾಪ್ರತಿಜ್ಞೆ ಬರೆದುಕೊಡಿರೆಂದು ಕೇಳಿದ್ದರೆ ಈ ಮಾತು ಅದರಲ್ಲಿ ಇರುವ ಸಾಧ್ಯತೆಯೇ ಇರಲಿಲ್ಲ. ಅದು ರಾಂಪುರದ ಜಗಲಿಗಳಲ್ಲಿ ಕುಳಿತು ಕಂಡುಕೊಂಡ ತಿಳಿವು.

ಬರೆಯಲು ಬೇಕಾದ ಬಿಡುವು ಮಾತ್ರ ಅವರಿಗೆ ಬೇಗ ಸಿಗಲಿಲ್ಲ. ಬರೋಡ ಮತ್ತು ದೆಹಲಿಗಳಲ್ಲಿ ವಿಭಾಗಗಳನ್ನು ಕಟ್ಟುವುದರಲ್ಲಿಯೇ ಎರಡು ದಶಕಗಳು ಕಳೆದವು. ಅಂತೂ ಸ್ಟ್ಯಾನ್‌ಫರ್ಡಿನ ವರ್ತನಾ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರದ ಫೆಲೋಶಿಪ್ ದೊರೆತು ಬರವಣಿಗೆಗೆ ಕುಳಿತಾಗ, 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಮೂಲ ದಿನಚರಿಗಳು ದೆಹಲಿಯಲ್ಲಿದ್ದವು. ಸೋಲ್ ಟ್ಯಾಕ್ಸ್ ಅವರ ಸಲಹೆಯಂತೆ ನೆನಪಿನಿಂದಲೇ ಬರೆಯತೊಡಗಿದ ಗ್ರಂಥ 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಎಂಬ ಹೆಸರಿನಲ್ಲಿ ಪ್ರಕಟವಾಯಿತು.

ಎರಡನೆಯ ಮಹಾಯುದ್ಧದ ನಂತರ ಅರ್ಜಿಯೇ ಒಂದು ಸಾಹಿತ್ಯ ಪ್ರಕಾರವಾಗಿ ಬೆಳೆಯಿತು. ಸ್ವೀಡನ್ನಿನ ಉದ್ಯಮಿ ಆಕ್ಸೆಲ್ ವೆನ್ನರ್ ಗ್ರೆನ್ 1941ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ವೈಕಿಂಗ್ ನಿಧಿ 1951ರಲ್ಲಿ ಅವರದೇ ಹೆಸರನ್ನು ತಳೆದು ಮಾನವಶಾಸ್ತ್ರದ ಪ್ರಮುಖ ಪೋಷಕ ಸಂಸ್ಥೆಯಾಯಿತು. ನಾಜಿಗಳೊಂದಿಗೆ ಸಂಬಂಧವಿದೆಯೆಂಬ ಶಂಕೆಯಿಂದ 1942ರಲ್ಲಿ ಅಮೆರಿಕ ಸರ್ಕಾರ ಅವರನ್ನು ಕಪ್ಪುಪಟ್ಟಿಗೆ ಸೇರಿಸಿತ್ತು. ಹಣದ ಮೂಲವನ್ನು ವಿಚಾರಿಸಿದರೆ ನಿಷ್ಕಳಂಕವಾದ ವೇತನಗಳು ಎಷ್ಟಿವೆಯೋ ಹೇಳುವುದು ಕಷ್ಟ. ಅಮೆರಿಕದ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯು 1988ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯೊಂದರಲ್ಲಿ ರಾಜ್ಯಶಾಸ್ತ್ರಜ್ಞ ಆಡಮ್ ಷೆವೋರ್‌ಸ್ಕಿ ಮತ್ತು ಆಂಡೀಸ್ ಪ್ರದೇಶದ ಮಾನವಶಾಸ್ತ್ರಜ್ಞ ಫ್ರಾಂಕ್ ಸಾಲೊಮನ್ ಅರ್ಜಿ ಬರೆಯುವ ಕಲೆಯನ್ನು ವಿವರಿಸಿದರು. ಈ ಅಧ್ಯಯನದಿಂದ ತಿಳಿಯುವ ಹೊಸ ಸಂಗತಿ ಯಾವುದು, ಅದನ್ನು ತಿಳಿಯುವುದು ಏಕೆ ಮುಖ್ಯ, ನಿರ್ಣಯಗಳು ಸರಿಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ಅರ್ಜಿ ಉತ್ತರಿಸಬೇಕು. ಬೇರೆ ಶಾಸ್ತ್ರದ ಪರಿಶೀಲಕನಿಗೂ ಅರ್ಥವಾಗಬೇಕು. ಮೊದಲ ಪುಟದಲ್ಲಿಯೇ ಅವನ ಗಮನವನ್ನು ಹಿಡಿಯಬೇಕು ಎಂಬುದು ಅದರ ಸಾರ. ಸಲಹೆ ವಿವೇಕಯುತವಾದುದೇ. ಆದರೆ ಇದನ್ನು ಕಲಿಸುವ ಗುರುಗಳೂ ಹಳೆಯ ಅರ್ಜಿಗಳ ಮಾದರಿಗಳೂ ಇರುವ ವಿಭಾಗದ ವಿದ್ಯಾರ್ಥಿಗೂ ಅವೆರಡೂ ಇಲ್ಲದ ವಿದ್ಯಾರ್ಥಿಗೂ ನಡುವಣ ಅಂತರವನ್ನು ಹೊತ್ತಗೆಯೊಂದು ತುಂಬಲಾರದು.

ಭಾರತದಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತು ಸ್ವದೇಶಿ ಸಂಶೋಧನೆಗೆ ಆಧಾರವಾಯಿತು. ಅದಕ್ಕೆ ಒಂದು ವರ್ಷ ಮೊದಲು, ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಬರ್ಕ್‌ಲಿಯ ವಿದ್ವಾಂಸರು ಹಿಮಾಲಯದ ಗಡಿ ಪ್ರದೇಶಗಳಲ್ಲಿ ಕೈಗೊಂಡಿದ್ದ ಯೋಜನೆಯ ವಿಷಯ ಬಯಲಾಗಿ ವಿವಾದವೆದ್ದಿತ್ತು ಎಂಬುದನ್ನು ಈ ಹಿನ್ನೆಲೆಯಲ್ಲಿ ನೆನೆಯಬಹುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಕಿರಿಯ ಸಂಶೋಧನಾ ವೇತನ ಬೇರೊಂದು ದಾರಿ ಹಿಡಿಯಿತು. 2012ರಿಂದ ಅದರ ಪರೀಕ್ಷೆಯ ಎಲ್ಲ ಪತ್ರಿಕೆಗಳೂ ವಸ್ತುನಿಷ್ಠ ಮಾದರಿಯವು. 2023ರ ಜನವರಿಯಿಂದ ವೇತನ ತಿಂಗಳಿಗೆ 37,000 ರೂಪಾಯಿ. ಇಲ್ಲಿ ಶಿಫಾರಸಿನ ಹಂಗಿಲ್ಲ. ಆದರೆ ಅಭ್ಯರ್ಥಿ ಯಾವ ಸಮುದಾಯದ ಯಾವ ಪ್ರಶ್ನೆಯನ್ನು ಅರಿಯಬಯಸುತ್ತಾನೆಂದು ಆ ಪರೀಕ್ಷೆ ಕೇಳುವುದೇ ಇಲ್ಲ.

ವಿಷಯದ ಮೇಲಿನ ನಿರ್ಬಂಧ ಬಂದದ್ದು ಇನ್ನೊಂದು ಕಡೆಯಿಂದ. ಪರಿಶಿಷ್ಟ ಜಾತಿಗಳು, ಅಲೆಮಾರಿ ಬುಡಕಟ್ಟುಗಳು, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ವಿದೇಶ ವ್ಯಾಸಂಗಕ್ಕೆ ನೆರವಾಗುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ಮಾರ್ಗಸೂಚಿಯು ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ ಹಾಗೂ ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನಗಳನ್ನು ಅರ್ಹ ವಿಷಯಗಳಿಂದ ಹೊರಗಿಟ್ಟಿತು. ಇಂತಹ ಅಧ್ಯಯನಕ್ಕೆ ದೇಶದೊಳಗೇ ಉತ್ತಮ ವಿಶ್ವವಿದ್ಯಾನಿಲಯಗಳಿವೆ ಎಂಬುದು ಅಧಿಕಾರಿಗಳು ನೀಡಿದ ಸಮರ್ಥನೆ. ಶ್ರೀಮಂತ ಕುಟುಂಬದ ವಿದ್ಯಾರ್ಥಿ ಸ್ವಂತ ಹಣದಿಂದ ಆಕ್ಸ್‌ಫರ್ಡಿಗೋ ಕೊಲಂಬಿಯಾಕ್ಕೋ ಹೋಗಿ ಕರ್ನಾಟಕದ ಹಳ್ಳಿಯೊಂದರ ಜಾತಿ ಸಂಬಂಧಗಳನ್ನು ಅಧ್ಯಯನ ಮಾಡಲು ಯಾವ ಅಡ್ಡಿಯೂ ಇಲ್ಲ. ಆ ಹಳ್ಳಿಯ ಕೇರಿಯಲ್ಲಿ ಹುಟ್ಟಿದ ವಿದ್ಯಾರ್ಥಿನಿ ಈ ವೇತನದಲ್ಲಿ ಅದೇ ವಿಷಯವನ್ನು ಆರಿಸಿಕೊಳ್ಳುವಂತಿಲ್ಲ. 1916ರ ಮೇ 9ರಂದು ಮಂಡಿತವಾದ ಪ್ರಬಂಧದ ವಿಷಯವೂ ಈ ಮಾರ್ಗಸೂಚಿಯ ಪ್ರಕಾರ ಅನರ್ಹವೇ. ಆಕೆಗೆ ಉಳಿಯುವ ದಾರಿಗಳಲ್ಲಿ ಎರಡು: ಸೇರಬಯಸುವ ವಿದೇಶಿ ವಿಶ್ವವಿದ್ಯಾನಿಲಯವೇ ನೀಡುವ ವೇತನ, ಇಲ್ಲವೆ ರಾಷ್ಟ್ರೀಯತೆಯ ನಿರ್ಬಂಧವಿಲ್ಲದ ವೆನ್ನರ್ ಗ್ರೆನ್ ನಿಧಿಯಂತಹ ಸಂಸ್ಥೆಗಳ ಅನುದಾನ. ಎರಡಕ್ಕೂ 1988ರ ಹೊತ್ತಗೆ ವಿವರಿಸಿದ ಬಗೆಯ ಅರ್ಜಿಯನ್ನು ಸಿದ್ಧಪಡಿಸಬೇಕಾಗುತ್ತದೆ.