1844: ಕನ್ನಡನಾಡಿನ ಧರ್ಮಸಭೆ ಮತ್ತು ಸ್ಥಳೀಯ ಗುರುವರ್ಗದ ಪ್ರಶ್ನೆ

ಹೆಸರಘಟ್ಟದಲ್ಲಿ ಧರ್ಮಸಭೆಯ ಚರಿತ್ರೆಯ ಪಾಠ ನಡೆಯುತ್ತಿದ್ದಾಗ ಸಹೋದರರೊಬ್ಬರು ಹೀಗೆ ಪ್ರಶ್ನಿಸಿದರು: “ಸ್ವಾಮಿ, 1844ರಲ್ಲಿ ಪುದುಚೇರಿಯಲ್ಲಿ ನಡೆದ ಸಮ್ಮೇಳನವನ್ನು ಕನ್ನಡನಾಡಿನ ನಾವು ಏಕೆ ಓದಬೇಕು?” ಪ್ರಶ್ನೆ ನ್ಯಾಯವಾದುದೇ. ಅಂದು ನಾವು ಕೊಟ್ಟ ಉತ್ತರ ಚುಟುಕಾಗಿತ್ತು. ಅದು ನಮಗೇ ತೃಪ್ತಿಯನ್ನು ತರಲಿಲ್ಲ. ಆ ಸಹೋದರರಿಗೆ ಸಲ್ಲಬೇಕಾದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಲು ಯತ್ನಿಸಿದ್ದೇವೆ.

1844ರಲ್ಲಿ ನಮ್ಮ ನಾಡಿನಲ್ಲಿ ದೊಡ್ಡ ಯುದ್ಧವೇನೂ ನಡೆಯಲಿಲ್ಲ. ಮೈಸೂರು ಸಂಸ್ಥಾನದ ಆಡಳಿತವು 1831ರಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿತ್ತು. ಮಾರ್ಕ್ ಕಬ್ಬನ್ ಅವರು ಬೆಂಗಳೂರಿನಿಂದ ರಾಜ್ಯಭಾರವನ್ನು ನಡೆಸುತ್ತಿದ್ದರು. ಆದರೆ ಕ್ರೈಸ್ತ ಸಮುದಾಯದ ದೃಷ್ಟಿಯಿಂದ ನೋಡಿದಾಗ ಆ ವರ್ಷದ ಮೂರು ಘಟನೆಗಳು ಒಂದೇ ಪ್ರಶ್ನೆಯ ಸುತ್ತ ಬಂದು ನಿಲ್ಲುತ್ತವೆ. ಈ ನೆಲದಲ್ಲಿ ಶುಭಸಂದೇಶವನ್ನು ಸಾರಬೇಕಾದವರು ಯಾರು, ಯಾವ ಭಾಷೆಯಲ್ಲಿ, ಯಾವ ಅಧಿಕಾರದಿಂದ? ಇದೇ ಆ ಪ್ರಶ್ನೆ.

ದ್ಯುಬ್ವಾ ಅವರ ನಿರಾಶೆ

1844ರ ಮಹತ್ವವನ್ನು ಅರಿಯಲು ಅದಕ್ಕೂ ಹಿಂದಿನ ಮನಃಸ್ಥಿತಿಯನ್ನು ತಿಳಿಯಬೇಕು. ಕನ್ನಡನಾಡಿನ ಕಥೋಲಿಕ ಧರ್ಮಪ್ರಚಾರಕ್ಕೆ ಆ ವೇಳೆಗೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿತ್ತು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಅವರು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಆ ಭಾಷೆಯಲ್ಲೇ ಧರ್ಮೋಪದೇಶವನ್ನು ಬರೆದಿದ್ದರು. 1799ರಲ್ಲಿ ಟಿಪ್ಪು ಸುಲ್ತಾನರ ಪತನವಾದ ಮೇಲೆ ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬ್ವಾ ಅವರು ಶ್ರಮಿಸಿದರು. ಅವರು ನಾಡಿನ ಉಡುಗೆಯನ್ನು ತೊಟ್ಟರು, ನಾಡಿನ ಊಟವನ್ನು ಉಂಡರು, ಸಿಡುಬಿನ ವಿರುದ್ಧ ಲಸಿಕೆಯನ್ನು ಹಾಕಿಸಿದರು. ಆದರೂ 1823ರಲ್ಲಿ ಭಾರತವನ್ನು ಬಿಟ್ಟುಹೋದ ಅವರು, ಅದೇ ವರ್ಷ ಪ್ರಕಟಿಸಿದ ತಮ್ಮ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತಧರ್ಮವು ನೆಲೆಯೂರುವ ಭರವಸೆ ಇಲ್ಲವೆಂಬ ಅಭಿಪ್ರಾಯವನ್ನೇ ಮುಂದಿಟ್ಟರು.

ಇಷ್ಟು ಪ್ರೀತಿಸಿದವರು ಇಷ್ಟು ನಿರಾಶರಾದುದೇಕೆ? ಅವರ ಅನುಭವವನ್ನು ನಾವು ಹಗುರವಾಗಿ ಕಾಣಲಾಗದು. ಆದರೆ ಅವರ ಆಲೋಚನೆಯಲ್ಲಿ ಧರ್ಮಸಭೆಯ ಕರ್ತೃವು ಬಹುಮಟ್ಟಿಗೆ ಹೊರಗಿನಿಂದ ಬಂದ ಗುರುವೇ ಆಗಿದ್ದನು. ಈ ನಾಡಿನ ಜನರು ಉಪದೇಶವನ್ನು ಪಡೆಯುವವರು ಮಾತ್ರ. ಬಂದವನು ದಣಿದರೆ ಕಾರ್ಯವೂ ದಣಿಯುತ್ತದೆ. 1844ರಲ್ಲಿ ದ್ಯುಬ್ವಾ ಅವರು ಫ್ರಾನ್ಸಿನಲ್ಲಿ ಇನ್ನೂ ಜೀವಂತರಾಗಿದ್ದರು. ಅವರು ಬಿಟ್ಟುಹೋದ ಪ್ರಾಂತದಲ್ಲಿ ಬೇರೊಂದು ಆಲೋಚನೆ ಮೊಳೆಯುತ್ತಿತ್ತು.

ಪುದುಚೇರಿಯ ಸಮ್ಮೇಳನ

ಆ ಕಾಲದಲ್ಲಿ ಮೈಸೂರು ಸೀಮೆಯ ಕಥೋಲಿಕರು ಪುದುಚೇರಿಯ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟಿದ್ದರು. ಸಹೋದರರ ಪ್ರಶ್ನೆಗೆ ಮೊದಲ ಉತ್ತರ ಇದೇ: ಪುದುಚೇರಿಯಲ್ಲಿ ನಡೆದ ಚರ್ಚೆ ಬೆಂಗಳೂರು, ಮೈಸೂರು, ಶ್ರೀರಂಗಪಟ್ಟಣಗಳ ವಿಶ್ವಾಸಿಗಳನ್ನೂ ಕುರಿತದ್ದಾಗಿತ್ತು. ಧರ್ಮಾಧ್ಯಕ್ಷ ಕ್ಲೆಮಾನ್ ಬೊನಾನ್ ಅವರು 1844ರ ಜನವರಿ 18ರಂದು ತಮ್ಮ ಗುರುಗಳ ಸಮ್ಮೇಳನವನ್ನು ಆರಂಭಿಸಿದರು. ಅದು ಫೆಬ್ರವರಿ 13ರ ವರೆಗೆ ನಡೆಯಿತು.

ಸಮ್ಮೇಳನವು ಸಂಸ್ಕಾರಗಳ ಆಚರಣೆ, ಶಾಲೆಗಳು, ವಿಶ್ವಾಸಿಗಳ ಶಿಕ್ಷಣ ಮುಂತಾದ ಹಲವು ವಿಷಯಗಳನ್ನು ಪರಿಶೀಲಿಸಿತು. ಇವೆಲ್ಲದರ ನಡುವೆ ಎದ್ದು ಕಾಣುವುದು ಸ್ಥಳೀಯ ಗುರುವರ್ಗದ ವಿಚಾರ. ಭಾರತೀಯ ಯುವಕರನ್ನು ಗುರುಗಳನ್ನಾಗಿ ರೂಪಿಸುವುದು ಧರ್ಮಪ್ರಚಾರದ ಬದಿಯ ಕೆಲಸವಲ್ಲ, ಅದೇ ಮುಖ್ಯ ಕೆಲಸ ಎಂಬ ನಿಲುವು ಇಲ್ಲಿ ಬಲವಾಗಿ ಮೂಡಿತು. ಸಮ್ಮೇಳನದಲ್ಲಿ ಭಾಗವಹಿಸಿದ್ದ ಯುವ ಗುರು ಮೆಲ್ಕಿಯೋರ್ ದ ಮಾರಿಯೋ ಬ್ರೆಸಿಯಾಕ್ ಅವರಿಗೆ ಅದೇ ವರ್ಷ ಗುರುಮಠದ ಹೊಣೆಯನ್ನು ವಹಿಸಲಾಯಿತು. ಹೆಣ್ಣುಮಕ್ಕಳ ಶಿಕ್ಷಣಕ್ಕೂ ಫಲ ದೊರೆಯಿತು: 1844ರ ಅಕ್ಟೋಬರ್‌ನಲ್ಲಿ ಲೂಯಿ ಸಾವಿನ್ಯೆ ದ್ಯುಪ್ವಿ ಅವರು ಮರಿಯಮ್ಮನವರ ನಿಷ್ಕಳಂಕ ಹೃದಯದ ಹೆಸರಿನಲ್ಲಿ ಭಾರತೀಯ ಭಗಿನಿಯರ ಸಭೆಯೊಂದನ್ನು ಪುದುಚೇರಿಯಲ್ಲೇ ಸ್ಥಾಪಿಸಿದರು.

ಸಮ್ಮೇಳನದ ನಿರ್ಣಯಗಳನ್ನು ರೋಮ್ ನಗರಕ್ಕೆ ಒಯ್ದವರು ಲ್ಯುಕೆ ಎಂಬ ಗುರುಗಳು. ಅವರು ಅಲ್ಲಿ ಸ್ಥಳೀಯ ಗುರುವರ್ಗದ ಪರವಾಗಿ ಗಟ್ಟಿಯಾಗಿ ವಾದಿಸಿದರು. ಅದರ ಫಲವಾಗಿ 1845ರ ನವೆಂಬರ್ 23ರಂದು ವಿಶ್ವಾಸಪ್ರಸಾರದ ಪವಿತ್ರ ಮಂಡಲಿಯು ‘ನೆಮಿನೆಮ್ ಪ್ರೊಫೆಕ್ಟೊ’ ಎಂಬ ಆದೇಶಪತ್ರವನ್ನು ಹೊರಡಿಸಿತು. ಧರ್ಮಪ್ರಾಂತಗಳನ್ನು ಹೆಚ್ಚಿಸಬೇಕು, ಗುರುಮಠಗಳನ್ನು ತೆರೆಯಬೇಕು, ಸ್ಥಳೀಯ ಗುರುಗಳನ್ನು ಧರ್ಮಾಧ್ಯಕ್ಷ ಪದವಿಗೂ ತಕ್ಕವರಾಗುವಂತೆ ರೂಪಿಸಬೇಕು, ಅವರನ್ನು ಕೇವಲ ಸಹಾಯಕರೆಂದು ಬಳಸಿಕೊಳ್ಳುವ ರೂಢಿಯನ್ನು ಕೈಬಿಡಬೇಕು ಎಂಬುದು ಅದರ ಸಾರ. ಲ್ಯುಕೆ ಅವರು ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರೂ ಮರಳಿ ಭಾರತಕ್ಕೆ ಬರಲಾಗಲಿಲ್ಲ. 1858ರಲ್ಲಿ ರೋಮ್ ನಗರದಲ್ಲೇ ತೀರಿಕೊಂಡರು. ತಾವು ವಾದಿಸಿ ಗೆದ್ದ ಮಾತು ಕಾರ್ಯರೂಪಕ್ಕೆ ಬರುವುದನ್ನು ಅವರು ಕಾಣಲಿಲ್ಲ.

ಮಂಗಳೂರು ಮತ್ತು ಬಳ್ಳಾರಿ

ಪುದುಚೇರಿಯ ಸಮ್ಮೇಳನಕ್ಕೆ ಹನ್ನೆರಡು ದಿನಗಳ ಮೊದಲು, ಅಂದರೆ 1844ರ ಜನವರಿ 6ರಂದು, ಪಶ್ಚಿಮ ಕರಾವಳಿಯಲ್ಲಿ ಮತ್ತೊಂದು ಘಟನೆ ನಡೆಯಿತು. ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನು ದೀಕ್ಷಾಸ್ನಾನವನ್ನು ಪಡೆದನು. ಮುಂದೆ ಅವರು ಬಾಸೆಲ್ ನಗರಕ್ಕೆ ತೆರಳಿ ದೈವಶಾಸ್ತ್ರವನ್ನು ಅಭ್ಯಸಿಸಿ, 1851ರಲ್ಲಿ ಸಭಾಸೇವೆಗೆ ದೀಕ್ಷೆಯನ್ನು ಹೊಂದಿ, ತಾಯ್ನಾಡಿಗೆ ಮರಳಿ ಸೇವೆಗೈದರು.

ಅವರ ಗುರು ಹೆರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಎಂಬ ಪಾಕ್ಷಿಕವನ್ನು ಕಲ್ಲಚ್ಚಿನಲ್ಲಿ ಹೊರತಂದಿದ್ದರು. ಕನ್ನಡದ ಮೊದಲ ಪತ್ರಿಕೆ ಅದೇ. 1844ರಲ್ಲಿ ಅದರ ಮುದ್ರಣವು ಅಚ್ಚಿನ ಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ವರ್ಗವಾಗಿ, ಅದರ ಹೆಸರು ‘ಕನ್ನಡ ಸಮಾಚಾರ’ ಎಂದಾಯಿತು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಆದರೂ ಒಂದು ಊರಿನ ಹೆಸರು ಹೋಗಿ ಒಂದು ಭಾಷೆಯ ಹೆಸರು ಬಂದುದು ಸಣ್ಣ ಸಂಗತಿಯಲ್ಲ. ಸಮಾಚಾರವು ಇನ್ನು ಒಂದೇ ಊರಿನದಲ್ಲ, ಕನ್ನಡ ಓದುವವರೆಲ್ಲರದು ಎಂಬ ಅರ್ಥವು ಆ ಹೆಸರಿನಲ್ಲಿದೆ.

ಕಥೋಲಿಕರು ಮತ್ತು ಪ್ರೊಟೆಸ್ಟಂಟರು ಆ ಕಾಲದಲ್ಲಿ ಪರಸ್ಪರ ಸ್ಪರ್ಧಿಗಳಾಗಿದ್ದರು. ಪುದುಚೇರಿಯ ಗುರುಗಳೂ ಮಂಗಳೂರಿನ ಮಿಷನರಿಗಳೂ ಒಬ್ಬರನ್ನೊಬ್ಬರು ಕೇಳಿ ನಡೆದವರಲ್ಲ. ಹಾಗಿದ್ದೂ ಈ ಮಣ್ಣಿನ ಮಕ್ಕಳು, ಈ ಮಣ್ಣಿನ ಮಾತು ಎಂಬ ಎರಡು ದಿಕ್ಕಿನಿಂದ ಇಬ್ಬರೂ ಒಂದೇ ಸತ್ಯವನ್ನು ಸಮೀಪಿಸುತ್ತಿದ್ದರು. ಕ್ರೈಸ್ತ ಐಕ್ಯದ ಬಗ್ಗೆ ಇಂದು ಉಪದೇಶಿಸುವ ನಾವು ಇದನ್ನು ನೆನೆಯುವುದು ಒಳ್ಳೆಯದು.

ನಿರ್ಣಯದಿಂದ ಆಚರಣೆಗೆ

1845ರಲ್ಲಿ ಮೈಸೂರು ಸೀಮೆಯನ್ನು ಪುದುಚೇರಿಯಿಂದ ಬೇರ್ಪಡಿಸಲಾಯಿತು. 1850ರಲ್ಲಿ ಅದು ಪೂರ್ಣ ಪ್ರೇಷಿತ ಪ್ರಾಂತವಾಯಿತು. ಅದರ ಮೊದಲ ಧರ್ಮಾಧ್ಯಕ್ಷರಾದ ಶಾರ್ಬೊನೊ ಅವರ ಲ್ಯಾಟಿನ್–ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಲ್ಯಾಟಿನ್ ಪದಕ್ಕೆ ಕನ್ನಡ ಪದವನ್ನು ಹುಡುಕುವ ಧರ್ಮಾಧ್ಯಕ್ಷರು, ಕನ್ನಡದಲ್ಲಿ ಯೋಚಿಸುವ ಗುರುಗಳು ಮುಂದೆ ಬರುವರೆಂದು ನಂಬಿದ್ದರೆಂದೇ ತಿಳಿಯಬೇಕು.

ಆದರೆ ನಿರ್ಣಯಕ್ಕೂ ಆಚರಣೆಗೂ ನಡುವೆ ಆಳವಾದ ಕಂದಕವೊಂದಿತ್ತು. ಅದರ ಹೆಸರು ಜಾತಿ. 1744ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ‘ಮಲಬಾರ್ ವಿಧಿ’ಗಳ ವಿವಾದಕ್ಕೆ ತೆರೆಯೆಳೆಯಲು ಹೊರಡಿಸಿದ ಶಾಸನದಲ್ಲೇ, ಹೊಲೆಯರೆಂದು ದೂರವಿಡಲ್ಪಟ್ಟವರ ಸೇವೆಗೆ ಪ್ರತ್ಯೇಕ ಗುರುಗಳನ್ನು ನೇಮಿಸುವ ಏರ್ಪಾಡು ಇತ್ತು. ಸರಿಯಾಗಿ ನೂರು ವರ್ಷಗಳ ತರುವಾಯ ಸ್ಥಳೀಯ ಗುರುವರ್ಗದ ಬಗ್ಗೆ ಅಷ್ಟು ಧೈರ್ಯದಿಂದ ಮಾತಾಡಿದ ಸಮ್ಮೇಳನವೂ ಈ ಗಂಟನ್ನು ಬಿಡಿಸಲಿಲ್ಲ. ಕೊಯಮತ್ತೂರಿನ ಧರ್ಮಾಧ್ಯಕ್ಷರಾದ ಬ್ರೆಸಿಯಾಕ್ ಅವರು ಆ ವಿಧಿಗಳ ವಿಷಯದಲ್ಲಿ ಮನಸ್ಸಾಕ್ಷಿಯ ಸಂಕಟಕ್ಕೆ ಸಿಲುಕಿ, 1855ರಲ್ಲಿ ಪದವಿಯನ್ನು ತ್ಯಜಿಸಿದರು. ಮುಂದೆ ಆಫ್ರಿಕದ ಸೇವೆಗಾಗಿ ಹೊಸ ಸಭೆಯನ್ನು ಸ್ಥಾಪಿಸಿ, 1859ರಲ್ಲಿ ಫ್ರೀಟೌನ್ ನಗರದಲ್ಲಿ ಮರಣಹೊಂದಿದರು.

ಹೀಗೆ 1844ರ ಪರಂಪರೆ ನಮ್ಮ ಕೈಗೆ ಬಂದಿರುವುದು ಗೆಲುವಿನ ಕಥೆಯಾಗಿ ಮಾತ್ರವಲ್ಲ. ‘ಸ್ಥಳೀಯ’ ಎಂಬ ಪದದೊಳಗೆ ಯಾರು ಸೇರುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬ ಪ್ರಶ್ನೆಯನ್ನೂ ಅದು ನಮಗೆ ಒಪ್ಪಿಸಿದೆ. ಪರದೇಶದ ಗುರು ಹೋಗಿ ಸ್ವದೇಶದ ಗುರು ಬಂದಾಕ್ಷಣ ಧರ್ಮಸಭೆಯು ಸ್ಥಳೀಯವಾಗುವುದಿಲ್ಲ. ಆ ಗುರುವು ತನ್ನ ಕುಲ, ತನ್ನ ಊರು, ತನ್ನ ಭಾಷೆಯವರಿಗಷ್ಟೇ ಗುರುವಾದರೆ, ಹಿಂದಿನ ದೂರವೇ ಹೊಸ ರೂಪದಲ್ಲಿ ಉಳಿಯುತ್ತದೆ. ಜಾತಿಯ ಮತ್ತು ಭಾಷೆಯ ಹೆಸರಿನಲ್ಲಿ ನಮ್ಮ ಪ್ರಾಂತದಲ್ಲೇ ಆಗಿರುವ ಗಾಯಗಳನ್ನು ಬಲ್ಲ ನಾವು ಇದನ್ನು ಅನ್ಯರ ಕಥೆಯೆಂದು ಓದಲಾರೆವು.

ಉಪಸಂಹಾರ

1919ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ‘ಮಾಕ್ಸಿಮುಮ್ ಇಲ್ಲುದ್’ ಪತ್ರದಲ್ಲಿ ಸ್ಥಳೀಯ ಗುರುಗಳನ್ನು ಕೆಳದರ್ಜೆಯ ಸೇವೆಗೆ ಸೀಮಿತಗೊಳಿಸಬಾರದೆಂದು ಮತ್ತೆ ಹೇಳಬೇಕಾಯಿತು. 1845ರ ಮಾತನ್ನು 1919ರಲ್ಲಿ ಪುನರುಚ್ಚರಿಸಬೇಕಾಯಿತೆಂದರೆ, ನಡುವಿನ ಎಪ್ಪತ್ತನಾಲ್ಕು ವರ್ಷಗಳು ಎಷ್ಟು ನಿಧಾನವಾಗಿ ಸಾಗಿದವೆಂಬುದನ್ನು ಊಹಿಸಬಹುದು. ಬೆಂಗಳೂರಿಗೆ ಮೊದಲ ಭಾರತೀಯ ಧರ್ಮಾಧ್ಯಕ್ಷರಾಗಿ ಥಾಮಸ್ ಪೋತಕಮೂರಿ ಅವರು ನೇಮಕಗೊಂಡುದು 1942ರಲ್ಲಿ; ಸಮ್ಮೇಳನ ನಡೆದು ತೊಂಬತ್ತೆಂಟು ವರ್ಷಗಳು ಕಳೆದಿದ್ದವು. ಅದಕ್ಕೂ ಮುನ್ನ 1934ರಲ್ಲಿ ಪುದುಚೇರಿಯ ಗುರುಮಠವು ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದು ಸಂತ ಪೇತ್ರರ ಗುರುಮಠವಾಗಿ ನೆಲೆಸಿತ್ತು. ಹೆಸರಘಟ್ಟದಿಂದ ಕೆಲವೇ ಮೈಲಿಗಳ ದೂರದಲ್ಲಿ ಆ ಪರಂಪರೆ ಇಂದಿಗೂ ಜೀವಂತವಾಗಿದೆ. ಸಹೋದರರ ಪ್ರಶ್ನೆಗೆ ಎರಡನೆಯ ಉತ್ತರ ಇದು.

ಮೂರನೆಯ ಉತ್ತರವನ್ನು ಸಹೋದರರೇ ಕಂಡುಕೊಳ್ಳಬೇಕು. ಬೇಸಿಗೆಯ ರಜೆಗೆ ಊರಿಗೆ ಹೋದಾಗ, ಪಾಲಕಗುರುಗಳ ಅಪ್ಪಣೆಯನ್ನು ಪಡೆದು, ನಿಮ್ಮ ಧರ್ಮಕೇಂದ್ರದ ಹಳೆಯ ದೀಕ್ಷಾಸ್ನಾನದ ಪುಸ್ತಕಗಳನ್ನು ತೆರೆದು ನೋಡಿರಿ. ಪುಟದ ಕೊನೆಯಲ್ಲಿ ಗುರುಗಳ ಸಹಿ ಇರುತ್ತದೆ. ಪರದೇಶದ ಹೆಸರುಗಳ ಸಾಲಿನಲ್ಲಿ ಈ ನಾಡಿನ ಹೆಸರೊಂದು ಮೊದಲ ಬಾರಿಗೆ ಯಾವ ವರ್ಷ ಕಾಣಿಸಿಕೊಂಡಿತೆಂಬುದನ್ನು ಗುರುತಿಸಿಕೊಳ್ಳಿರಿ. ಅದೇ ಪುಟದಲ್ಲಿ ದೀಕ್ಷಾಸ್ನಾನ ಪಡೆದವರ ಹೆಸರುಗಳನ್ನೂ ಓದಿರಿ. ಅವರ ಮನೆಗಳಿಂದ ಗುರುಗಳು ಬಂದರೇ, ಬರಲಿಲ್ಲವೇ ಎಂದು ಊರಿನ ಹಿರಿಯರನ್ನು ವಿಚಾರಿಸಿರಿ. 1844ರಲ್ಲಿ ಆರಂಭವಾದ ಕೆಲಸ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದು ಆಗ ತಾನಾಗಿ ತಿಳಿದುಬರುವುದು.