ಮರದ ಮೇಲಿನ ಹಾರನ್‌ನಿಂದ ಡಿಸ್ಕೋ ಬಾಕ್ಸ್‌ವರೆಗೆ: ಕಂಬಂ ಕಣಿವೆಯ ಧ್ವನಿಯ ಕಥೆ



ಹಬ್ಬ ಹತ್ತಿರ ಬಂತೆಂದರೆ ಯುವಜನರ ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಈ ಸಲ ಸೌಂಡ್ ಯಾರದ್ದು? ತೇರಿನ ಮೆರವಣಿಗೆ ಮುಗಿದ ಮೇಲೆ ಮೈದಾನದಲ್ಲಿ ಎಷ್ಟು ಬಾಕ್ಸ್, ಎಷ್ಟು ವಾಟ್ಸ್ ಎಂಬ ಲೆಕ್ಕ ಶುರುವಾಗುತ್ತದೆ. ಆ ಲೆಕ್ಕದ ಹಿಂದೆ ನೂರು ವರ್ಷಗಳ ಇತಿಹಾಸವಿದೆ. ಅದನ್ನು ತಮಿಳುನಾಡಿನ ತೇನಿ, ಕಂಬಂ, ದಿಂಡಿಗಲ್ ಕಡೆಯಿಂದ ನೋಡೋಣ.

ಆ ನಾಡು ಕನ್ನಡಿಗರಿಗೆ ಅಪರಿಚಿತವಲ್ಲ. ಶತಮಾನಗಳ ಹಿಂದೆ ವಲಸೆ ಹೋದ ಕಾಪ್ಪಿಲಿಯರ್ ಎಂಬ ರೈತ ಸಮುದಾಯದವರ ಮನೆಮಾತು ಕನ್ನಡವೇ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ಗ್ರಂಥದಲ್ಲೂ ಇವರ ಪ್ರಸ್ತಾಪವಿದೆ. 1895ರ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಕಣಿವೆಯನ್ನು ಹಸಿರು ಮಾಡಿತು. ಅದೇ ನೀರಿನಿಂದ 1950ರ ದಶಕದ ಕೊನೆಯಲ್ಲಿ ಲೋಯರ್ ಕ್ಯಾಂಪ್‌ನಲ್ಲಿ ವಿದ್ಯುತ್ ಉತ್ಪಾದನೆಯೂ ಆರಂಭವಾಯಿತು.

ಧ್ವನಿವರ್ಧಕ ಹುಟ್ಟಿದ್ದು ದೂರದ ಅಮೆರಿಕದಲ್ಲಿ. 1915ರಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ಇಬ್ಬರು ಅದನ್ನು ಜನರ ಮುಂದೆ ತಂದರು. 1919ರಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸುಮಾರು 50,000 ಜನರಿಗೆ ಕೇಳುವಂತೆ ಮಾತನಾಡಿದ್ದು ಇದರ ಸಹಾಯದಿಂದಲೇ. ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಹೋರಾಟದ ಸಭೆಗಳಲ್ಲಿ ಚಿಕಾಗೋ ರೇಡಿಯೋ ಹೆಸರಿನ ಮೈಕ್‌ಗಳು ಪ್ರಸಿದ್ಧವಾದವು. 1940ರಲ್ಲಿ ದೆಹಲಿಯಲ್ಲಿ ಆರಂಭವಾದ ಅಹುಜಾ ಕಂಪನಿಯ ಹೆಸರು ಮುಂದೆ ಹಳ್ಳಿಹಳ್ಳಿಗೂ ತಲುಪಿತು.

ತಮಿಳುನಾಡಿನ ಹಳ್ಳಿಗಳಲ್ಲಿ ಮೈಕ್ ಸೆಟ್‌ನವನಿಗೆ ವಿಶೇಷ ಮರ್ಯಾದೆ ಇತ್ತು. ಮರದ ಮೇಲೋ ಕಂಬದ ತುದಿಯಲ್ಲೋ ಹಾರನ್ ಕಟ್ಟಿ ಹಾಡು ಹಾಕಿದರೆ, ಯಾರದೋ ಮನೆಯಲ್ಲಿ ಶುಭಕಾರ್ಯವಿದೆ ಎಂದು ಸುತ್ತಲಿನ ಊರಿಗೆಲ್ಲ ಗೊತ್ತಾಗುತ್ತಿತ್ತು. ಇದೇ ಕಣಿವೆಯ ಪಣ್ಣೈಪುರದಲ್ಲಿ 1943ರಲ್ಲಿ ಹುಟ್ಟಿದ ಇಳಯರಾಜ, ಅಣ್ಣ ಪಾವಲರ್ ವರದರಾಜನ್ ಅವರ ಜೊತೆ ಊರೂರು ಸುತ್ತಿ ರಾಜಕೀಯ ಸಭೆಗಳ ವೇದಿಕೆಯಲ್ಲಿ ಹಾಡಿ ಬೆಳೆದವರು. 1976ರಲ್ಲಿ ಅವರ ಮೊದಲ ಚಿತ್ರ ‘ಅನ್ನಕ್ಕಿಳಿ’ ಬಂದ ಮೇಲೆ ಅವರ ಹಾಡುಗಳು ಅಂಥದೇ ಹಾರನ್‌ಗಳಿಂದ ಹಳ್ಳಿಗಳನ್ನು ತುಂಬಿದವು.

ಹಾರನ್‌ನ ಗುಟ್ಟು ಅದರ ಆಕಾರದಲ್ಲಿದೆ. ಒಳಗಿನ ಚಿಕ್ಕ ಪೊರೆಯ ಕಂಪನವನ್ನು ನಿಧಾನವಾಗಿ ಅಗಲವಾಗುವ ಕೊಳವೆ ಗಾಳಿಗೆ ದಾಟಿಸುತ್ತದೆ. ಹಾಗಾಗಿ ಕೆಲವೇ ವಾಟ್ಸ್‌ನಲ್ಲಿ, ಬ್ಯಾಟರಿಯ ಮೇಲೂ, ದನಿ ಬಹುದೂರ ಹೋಗುತ್ತದೆ. ಮಾತಿಗೆ, ನಾಗಸ್ವರಕ್ಕೆ ಅದು ಸರಿ. ಆದರೆ ಮಂದ್ರ ಸ್ವರಕ್ಕೆ ಬಹಳ ದೊಡ್ಡ ಬಾಯಿ ಬೇಕು, ಆದ್ದರಿಂದ ಬೇಸ್ ಅದರಲ್ಲಿ ಬರುವುದಿಲ್ಲ. 1980ರ ದಶಕದಲ್ಲಿ ಡಿಸ್ಕೋ ಹಾಡುಗಳು, ಕ್ಯಾಸೆಟ್‌ಗಳು ಬಂದಾಗ ಎದೆಗೆ ತಟ್ಟುವ ತಾಳ ಬೇಕಾಯಿತು. ಅದಕ್ಕೆ 15 ಮತ್ತು 18 ಇಂಚಿನ ಸ್ಪೀಕರ್‌ಗಳ ಮರದ ಬಾಕ್ಸ್‌ಗಳೇ ಆಗಬೇಕು.

ಬಾಕ್ಸ್ ಬಂದ ಮೇಲೆ ಲೆಕ್ಕವೂ ಬದಲಾಯಿತು. 8 ಓಮ್‌ನ ಎರಡು ಬಾಕ್ಸ್‌ಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಆಂಪ್ಲಿಫೈಯರ್‌ಗೆ 4 ಓಮ್, ನಾಲ್ಕನ್ನು ಜೋಡಿಸಿದರೆ 2 ಓಮ್ ಆಗುತ್ತದೆ. ತಡೆಯಲಾರದ ಆಂಪ್ಲಿಫೈಯರ್ ಬಿಸಿಯಾಗಿ ಕೆಡುತ್ತದೆ. ಮೊದಲು ಮಿಕ್ಸರ್ ಆನ್ ಮಾಡಿ, ಕೊನೆಗೆ ಆಂಪ್ಲಿಫೈಯರ್. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಇಲ್ಲವಾದರೆ ‘ಢಬ್’ ಎಂಬ ಹೊಡೆತ ಸ್ಪೀಕರ್‌ಗೆ ಬೀಳುತ್ತದೆ. ಇನ್ನೊಂದು ಮಾತು: 500 ವಾಟ್ಸ್ ಇದ್ದದ್ದನ್ನು 1,000 ಮಾಡಿದರೆ ಹೆಚ್ಚುವುದು ಕೇವಲ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ವಾಟ್ಸ್ ಬೇಕು. ಬಾಕ್ಸ್‌ಗಳನ್ನು ತಲೆಗಿಂತ ಮೇಲೆ ನಿಲ್ಲಿಸಿ, ಕುಣಿಯುವವರ ಕಡೆಗೆ ಸ್ವಲ್ಪ ಬಾಗಿಸಿದರೆ ಹಣವೂ ಉಳಿಯುತ್ತದೆ, ಪಕ್ಕದ ಬೀದಿಗೂ ನೆಮ್ಮದಿ.

ಪಕ್ಕದ ಬೀದಿಯ ಪ್ರಶ್ನೆ ನಮ್ಮನ್ನು ನ್ಯಾಯಾಲಯದವರೆಗೂ ಒಯ್ದಿದೆ. ಚೆನ್ನೈನ ಒಂದು ಕ್ರೈಸ್ತ ಪ್ರಾರ್ಥನಾಲಯದ ಡ್ರಮ್, ಗಿಟಾರ್, ಧ್ವನಿವರ್ಧಕಗಳ ಬಗ್ಗೆ ನೆರೆಹೊರೆಯವರು ದೂರಿದ್ದರು. ಬೇರೆಯವರ ಶಾಂತಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು 2000ದ ಆಗಸ್ಟ್ 30ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದೇ ವರ್ಷ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಆ ತೀರ್ಪು ಬಂದದ್ದು ನಮ್ಮವರದೇ ಸದ್ದಿನ ಮೇಲೆ ಎಂಬುದನ್ನು ಮರೆಯಬಾರದು.

ಸದ್ದಿಗಿಂತ ದೊಡ್ಡ ಅಪಾಯ ವಿದ್ಯುತ್ತಿನದು. 2025ರ ಮಾರ್ಚ್ 1ರಂದು ಕನ್ಯಾಕುಮಾರಿ ಜಿಲ್ಲೆಯ ಕರಾವಳಿಯಲ್ಲಿ, ಚರ್ಚ್ ಹಬ್ಬದ ಸಿದ್ಧತೆಯಲ್ಲಿದ್ದ ನಾಲ್ವರು, ಲೋಹದ ಏಣಿ ವಿದ್ಯುತ್ ತಂತಿಗೆ ತಗುಲಿ ಪ್ರಾಣ ಕಳೆದುಕೊಂಡರು. ಅವರೂ ನಮ್ಮಂತೆ ಹಬ್ಬ ಚೆನ್ನಾಗಿ ಆಗಲಿ ಎಂದು ಓಡಾಡಿದವರೇ. ಆದ್ದರಿಂದ ಏಣಿ, ಸ್ಟ್ಯಾಂಡ್ ಎತ್ತುವ ಮೊದಲು ತಲೆಯೆತ್ತಿ ನೋಡಿ. ಅರ್ಥಿಂಗ್ ಇಲ್ಲದ ಜಾಗದಲ್ಲಿ ಸೆಟ್ ಹಾಕಬೇಡಿ. ಒದ್ದೆ ನೆಲದ ಮೇಲೆ ವೈರ್ ಎಳೆಯಬೇಡಿ.

ಮುಂದಿನ ಹಬ್ಬದ ಸಭೆಯಲ್ಲಿ ‘ಎಷ್ಟು ವಾಟ್ಸ್’ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳೋಣ: ಮೇಲೆ ತಂತಿ ಎಲ್ಲಿದೆ? ಎಷ್ಟು ಗಂಟೆಗೆ ನಿಲ್ಲಿಸುತ್ತೇವೆ? ಪಕ್ಕದ ಮನೆಯಲ್ಲಿ ಕಾಯಿಲೆಯವರು, ಹಸುಗೂಸು ಇದ್ದಾರೆಯೇ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಮನಸಾರೆ ಕುಣಿಯೋಣ.