ಹೆಸರಿಗೆ ಅಂಟಿದ ಮಸಿ

ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಫೋನ್ ಬಂತು.

'ಸರ್, ತಂಬ್ರಹಳ್ಳಿಯಿಂದ ಮಾತಾಡಾಕತ್ತೀನ್ರೀ. ನನ್ ಕೇಸು ಬಿದ್ದೋಗಿ ಮೂರು ವರ್ಷ ಆತು. ಆದ್ರೂ ಹೆಸ್ರು ಬಿಟ್ಟಿಲ್ರೀ. ಇದನ್ನ ಅಳಿಸಾಕ ಯಾವ ಆಫೀಸಿಗೆ ಹೋಗ್ಬೇಕು?'

ಹುಡುಗ ಬೇರೆ ಊರಲ್ಲಿ ಓದುವಾಗ ಹಾಸ್ಟೆಲ್‌ನಲ್ಲಿ ಗಲಾಟೆ ಆಗಿತ್ತು. ಎಫ್ಐಆರ್‌ನಲ್ಲಿ ಹನ್ನೊಂದು ಜನರ ಹೆಸರು, ಅದರಲ್ಲಿ ಇವನದೂ ಒಂದು. ಕೋರ್ಟು ಇವನನ್ನು ಖುಲಾಸೆ ಮಾಡಿತು. ಈಗ ನೌಕರಿಯ ಅರ್ಜಿ ಕೈಯಲ್ಲಿದೆ. ಅದರಲ್ಲೊಂದು ಕಾಲಂ: ನಿಮ್ಮ ಮೇಲೆ ಯಾವತ್ತಾದರೂ ಕ್ರಿಮಿನಲ್ ಕೇಸು ದಾಖಲಾಗಿತ್ತೇ? ಹೌದು ಅಂತ ಬರೆದರೆ ಕೆಲಸ ಹೋಗುತ್ತೇನೋ, ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಏನು ಬರೆಯಲಿ ಅಂತ ಅವನ ಪ್ರಶ್ನೆ.

ನನ್ನ ಹತ್ರ ಉತ್ತರ ಇರಲಿಲ್ಲ. ದಿನಾ ರಾತ್ರಿ ಇಡೀ ರಾಜ್ಯಕ್ಕೆ ಉತ್ತರ ಹೇಳೋನು ನಾನು!

ಸ್ವಲ್ಪ ದಿನ ಬಿಟ್ಟು ಹೊಸಪೇಟೆ ಕಡೆ ಹೋಗುವ ಕೆಲಸ ಬಿತ್ತು. ಹಾಗೇ ತಂಬ್ರಹಳ್ಳಿಗೂ ಹೋದೆ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಊರು, ತುಂಗಭದ್ರೆಯ ಹಿನ್ನೀರಿಗೆ ಹತ್ತಿರ. ಹುಡುಗನ ಮನೆ ಕಟ್ಟೆ ಮೇಲೆ ಅವನ ಅಜ್ಜಿ ಕೂತಿದ್ದರು. ನಮ್ಮ ಮಾತೆಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಅಂದರು: 'ಇವನ ಮ್ಯಾಲೆ ಒಂದು ಕೇಸಾದ್ರೂ ಇತ್ತು ತಮ್ಮಾ. ನಮ್ಮಪ್ಪ ಏನೂ ಮಾಡಿರಲಿಲ್ಲ. ಆದ್ರೂ ರಾತ್ರಿ ಎದ್ದು ಹಾಜರಿ ಕೊಡತಿದ್ದ.'

ಆ ಹಾಜರಿಯ ಕಥೆ ಗೊತ್ತಾಗದೆ ಈ ಹುಡುಗನ ಕಾಲಂ ಅರ್ಥ ಆಗೋದಿಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ.

1871. ಬ್ರಿಟಿಷ್ ಸರ್ಕಾರ 'ಕ್ರಿಮಿನಲ್ ಟ್ರೈಬ್ಸ್ ಆಕ್ಟ್' ತಂದಿತು, ಅಂದರೆ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಮಸೂದೆಯ ಚರ್ಚೆಯಲ್ಲಿ ಬಂದ ವಾದ ಏನು ಗೊತ್ತಾ? ಈ ದೇಶದಲ್ಲಿ ಬಡಗಿಯ ಮಗ ಬಡಗಿ ಆಗ್ತಾನೆ, ನೇಕಾರನ ಮಗ ನೇಕಾರ ಆಗ್ತಾನೆ. ಹಾಗೇ ಕಳ್ಳನ ಮಗ ಕಳ್ಳನೇ ಆಗ್ತಾನೆ ಅಂತ! ಮೊದಲು ಉತ್ತರ ಭಾರತಕ್ಕಿದ್ದ ಈ ಕಾನೂನು 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಆಗ ಬಳ್ಳಾರಿ ಸೀಮೆ ಎಲ್ಲಿತ್ತು? ಮದ್ರಾಸ್ ಪ್ರಾಂತ್ಯದಲ್ಲೇ. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಸರ್ಕಾರ ಒಂದು ಸಮುದಾಯದ ಹೆಸರನ್ನು ಗೆಜೆಟ್‌ನಲ್ಲಿ ಹಾಕಿದರೆ ಮುಗೀತು. ಆ ಜನರ ಹೆಸರು ರಿಜಿಸ್ಟರಿಗೆ, ಬೆರಳಚ್ಚು ಪೊಲೀಸರ ಕಡತಕ್ಕೆ. ಬೇರೆ ಊರಿಗೆ ಹೋಗಬೇಕಾದರೆ ಮೊದಲೇ ತಿಳಿಸಬೇಕು. ಹೇಳಿದ ಹೊತ್ತಿಗೆ ಹಾಜರಿ ಕೊಡಬೇಕು. ತಪ್ಪಿದರೆ ಅದೇ ಒಂದು ಅಪರಾಧ. ಇನ್ನೊಂದು ಮಾತನ್ನು ಗಮನವಿಟ್ಟು ಓದಿ. ಸರ್ಕಾರದ ಆ ಘೋಷಣೆಯನ್ನು ಯಾವ ಕೋರ್ಟೂ ಪ್ರಶ್ನೆ ಮಾಡುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಬರೆದಿತ್ತು. ವಿಚಾರಣೆ ಇಲ್ಲದೆ ಮಸಿ ಬಳಿದರು, ಒರೆಸುವ ಬಾಗಿಲನ್ನೂ ಮುಚ್ಚಿದರು.

ಈ ಜನ ಯಾರು? ಕೊರಚರನ್ನೇ ತಗೊಳ್ಳಿ. ಎತ್ತು, ಕತ್ತೆಗಳ ಮೇಲೆ ಕರಾವಳಿಯಿಂದ ಉಪ್ಪು ಹೇರಿಕೊಂಡು ಬಂದು, ನಮ್ಮ ಹಳ್ಳಿಗಳಲ್ಲಿ ಮಾರಿ, ಕಾಳು ಕಡಿ ಹೇರಿಕೊಂಡು ವಾಪಸ್ ಹೋಗುತ್ತಿದ್ದ ವ್ಯಾಪಾರಿಗಳು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. 1876ರಲ್ಲಿ ಧಾತು ಸಂವತ್ಸರದ ಬರ ಬಂದು ಬಳ್ಳಾರಿ ಸೀಮೆಯನ್ನು ಹಿಂಡಿ ಹಿಪ್ಪೆ ಮಾಡಿತು. 1880ರ ದಶಕದಲ್ಲಿ ಹೊಸಪೇಟೆಗೆ ರೈಲು ಬಂತು. ಎತ್ತಿನ ಬೆನ್ನ ಮೇಲಿದ್ದ ಉಪ್ಪು ರೈಲು ಹತ್ತಿತು. ಕಸುಬು ಹೋಯಿತು, ತಿರುಗಾಟ ಉಳಿಯಿತು. ಕಸುಬಿಲ್ಲದೆ ತಿರುಗುವವನು ಕಳ್ಳನೇ ಇರಬೇಕು ಅಂತ ಸರ್ಕಾರ ಬರೆದುಕೊಂಡಿತು. ಸಂಶೋಧಕಿ ಮೀನಾ ರಾಧಾಕೃಷ್ಣ ಈ ಕಥೆಯನ್ನು ದಾಖಲೆ ಸಮೇತ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ.

ಸರಿ, ಈ ಮಸಿ ಒರೆಸಿದ್ದು ಯಾವಾಗ? ಮದ್ರಾಸ್ ಪ್ರಾಂತ್ಯ 1947ರಲ್ಲೇ ಕಾಯ್ದೆ ರದ್ದು ಮಾಡಿತು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿ ಬಂದ ಮೇಲೆ, 1952ರ ಆಗಸ್ಟ್ 31ಕ್ಕೆ ಇಡೀ ದೇಶದಲ್ಲಿ ಅದು ಹೋಯಿತು. 'ವಿಮುಕ್ತರು' ಅನ್ನೋ ಹೆಸರು ಬಂದದ್ದು ಹೀಗೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ ಇವರಿಗೆ ಬಿಡುಗಡೆ!

ಆದರೆ ನಿಜವಾಗಿ ಅಳಿಸಿತಾ?

ನಾನು ಓದಿದ್ದು ಎಂಜಿನಿಯರಿಂಗ್. ಕಂಪ್ಯೂಟರ್‌ನಲ್ಲಿ ಒಂದು ಫೈಲ್ ಡಿಲೀಟ್ ಮಾಡಿದರೆ ಸಾಮಾನ್ಯವಾಗಿ ಫೈಲ್ ಅಲ್ಲೇ ಇರುತ್ತದೆ. ಅಳಿಸುವುದು ಅದರ ವಿಳಾಸವನ್ನು ಮಾತ್ರ. ಹುಡುಕಲು ಗೊತ್ತಿದ್ದವನಿಗೆ ಅದು ಮತ್ತೆ ಸಿಗುತ್ತದೆ. 1952ರಲ್ಲಿ ಆದದ್ದೂ ಅಷ್ಟೆ. ಬುಡಕಟ್ಟಿನ ಹೆಸರಿನ ಕಾಯ್ದೆ ಹೋಯಿತು, ಆ ಜಾಗಕ್ಕೆ 'ರೂಢಿಗತ ಅಪರಾಧಿ'ಗಳ ಕಾಯ್ದೆಗಳು ಬಂದವು. ಮದ್ರಾಸಿನಲ್ಲಿ 1948ರಲ್ಲಿ, ನಮ್ಮ ರಾಜ್ಯದಲ್ಲಿ 1961ರಲ್ಲಿ. ಇಲ್ಲಿ ಸಮುದಾಯದ ಹೆಸರಿಲ್ಲ, ಒಬ್ಬೊಬ್ಬ ವ್ಯಕ್ತಿಯ ಲೆಕ್ಕ. ಆದರೆ ಊರಲ್ಲಿ ಕಳ್ಳತನವಾದರೆ ಯಾವ ಕೇರಿಗೆ ಮೊದಲು ಜೀಪು ಹೋಗುತ್ತದೆ ಅಂತ ಕೇರಿಯವರನ್ನೇ ಕೇಳಿ.

ಹಳೇ ಕಥೆ ಬಿಡಿ ಸಾರ್ ಅಂತೀರಾ? 2024ಕ್ಕೆ ಬನ್ನಿ. ಆ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಹಿಂದುಳಿದ, ವಿಮುಕ್ತ ಸಮುದಾಯದವರು ಅನ್ನೋ ಕಾರಣಕ್ಕೆ ಅಮಾಯಕರ ಹೆಸರನ್ನು ಪೊಲೀಸರ ಹಿಸ್ಟರಿ ಶೀಟಿಗೆ ಯಾಂತ್ರಿಕವಾಗಿ ಸೇರಿಸಬಾರದು ಅಂತ ಹೇಳಬೇಕಾಯಿತು. ಅದೇ ವರ್ಷ ಅಕ್ಟೋಬರ್ 3ರಂದು ಇನ್ನೊಂದು ತೀರ್ಪು ಬಂತು. ಸುಕನ್ಯಾ ಶಾಂತಾ ಅನ್ನೋ ಪತ್ರಕರ್ತೆ ಜೈಲುಗಳ ಒಳಗಿನ ಜಾತಿ ತಾರತಮ್ಯದ ಬಗ್ಗೆ ವರದಿ ಬರೆದು, ಅಷ್ಟಕ್ಕೇ ಬಿಡದೆ ಕೋರ್ಟಿಗೂ ಹೋದರು. ಕೈದಿಗಳ ರಿಜಿಸ್ಟರ್‌ನಿಂದ ಜಾತಿಯ ಕಾಲಂ ತೆಗೆದುಹಾಕಿ ಅಂತ ಸುಪ್ರೀಂ ಕೋರ್ಟ್ ಆದೇಶಿಸಿತು. ಕಾಯ್ದೆ ಸತ್ತು 72 ವರ್ಷ ಆದ ಮೇಲೂ ಒಂದು ಕಾಲಂ ಅಳಿಸಲು ದೇಶದ ಅತಿ ದೊಡ್ಡ ಕೋರ್ಟೇ ಬೇಕಾಯಿತು!

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರೋಣ. ಅಳಿಸಲು ಯಾವ ಆಫೀಸು? ಬ್ರಿಟನ್‌ನಲ್ಲಿ 1974ರಲ್ಲೇ ಒಂದು ಕಾನೂನು ಬಂತು. ಶಿಕ್ಷೆಯಾಗಿ ನಿಗದಿಯಾದಷ್ಟು ವರ್ಷ ತಪ್ಪು ಮಾಡದೆ ಬದುಕಿದರೆ, ಹಲವು ಪ್ರಕರಣಗಳಲ್ಲಿ ಆ ಶಿಕ್ಷೆಯನ್ನು ಕಳೆದು ಹೋದದ್ದು ಅಂತ ಲೆಕ್ಕ ಹಾಕ್ತಾರೆ. ನಮ್ಮಲ್ಲಿ ಎಲ್ಲರಿಗೂ ಅನ್ವಯಿಸುವ ಅಂಥ ಕಾನೂನಿಲ್ಲ. ಇರುವುದು ಬಿಡಿಬಿಡಿ ಕಿಂಡಿಗಳು.

ತಪ್ಪು ಮಾಡಿದಾಗ ವಯಸ್ಸು ಹದಿನೆಂಟರ ಒಳಗಿದ್ದರೆ, 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಇದೆ. ಆ ದಾಖಲೆಯಿಂದ ಮಗುವಿನ ಮುಂದಿನ ಬದುಕಿಗೆ ಅನರ್ಹತೆ ಬರಬಾರದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಘೋರ ಅಪರಾಧದಲ್ಲಿ ದೊಡ್ಡವರಂತೆ ವಿಚಾರಣೆಗೆ ಒಳಗಾದ ಹದಿನಾರು ದಾಟಿದವರಿಗೆ ಈ ರಕ್ಷಣೆ ಇಲ್ಲ. ಕೋರ್ಟು ಜೈಲಿಗೆ ಕಳಿಸದೆ ಸನ್ನಡತೆಯ ಮೇಲೆ ಬಿಟ್ಟಿದ್ದರೆ, 1958ರ ಪ್ರೊಬೇಷನ್ ಕಾಯ್ದೆಯ 12ನೇ ಸೆಕ್ಷನ್ ಅನರ್ಹತೆಯನ್ನು ತೆಗೆಯುತ್ತದೆ. ಕೇಸೇ ಸುಳ್ಳು ಅಂತಾದರೆ ಹೈಕೋರ್ಟಿಗೆ ಹೋಗಿ ರದ್ದು ಮಾಡಿ ಅಂತ ಕೇಳಬಹುದು. ಮೊದಲು ಅದು ಸಿಆರ್‌ಪಿಸಿ 482 ಆಗಿತ್ತು, 2024ರ ಜುಲೈನಿಂದ ಬಿಎನ್‌ಎಸ್‌ಎಸ್ 528.

ನಮ್ಮ ಹುಡುಗ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅವನು ವಿಚಾರಣೆ ಎದುರಿಸಿ ಗೆದ್ದವನು. ಗೆದ್ದವನಿಗೆ ಕಿಂಡಿ ಇಲ್ಲ! ಅವನಿಗಿರುವ ಆಸರೆ 2016ರ ಅವತಾರ್ ಸಿಂಗ್ ತೀರ್ಪು. ಅರ್ಜಿಯಲ್ಲಿ ಕೇಳಿದ್ದನ್ನು ಮುಚ್ಚಿಡಬಾರದು, ನಿಜವನ್ನೇ ಬರೆಯಬೇಕು. ಖುಲಾಸೆಯಾಗಿದ್ದರೂ ಅವನ ಹಿನ್ನೆಲೆ ನೋಡಿ ನಿರ್ಧಾರ ಮಾಡುವ ಅಧಿಕಾರ ಕೆಲಸ ಕೊಡುವವರಿಗಿದೆ, ಆದರೆ ಕಣ್ಣುಮುಚ್ಚಿ ತಿರಸ್ಕರಿಸುವ ಹಾಗಿಲ್ಲ. ವಕೀಲರೊಬ್ಬರನ್ನು ಕೇಳಿಕೊಂಡೇ ಅವನಿಗೆ ಹೇಳಿದೆ: 'ಹೌದು ಅಂತ ಬರಿ. ತೀರ್ಪಿನ ದೃಢೀಕೃತ ಪ್ರತಿ ಲಗತ್ತಿಸು. ಮುಚ್ಚಿಟ್ಟರೆ ಅದೇ ಹೊಸ ತಪ್ಪಾಗುತ್ತೆ.'

ಹುಡುಗ ತಲೆ ಆಡಿಸಿದ. ಆಮೇಲೆ ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದ. 'ಅರ್ಜಿ ಬರೀತೀನ್ರೀ ಸರ್. ಇದಕ್ಕೇನು ಮಾಡ್ಲಿ?'

ನೋಡಿದೆ. ಹಾಸ್ಟೆಲ್ ಗಲಾಟೆಯ ಸುದ್ದಿ. ಕೆಂಪು ಅಕ್ಷರ, ಅಬ್ಬರದ ಸಂಗೀತ, ಜೀಪು ಹತ್ತುವ ಹುಡುಗರು, ಅದರಲ್ಲಿ ಇವನ ಮುಖಕ್ಕೊಂದು ವೃತ್ತ. ಓದುತ್ತಿದ್ದ ದನಿ ನನ್ನದೇ.

ಅಜ್ಜಿ ಅಲ್ಲೇ ಕೂತಿದ್ದರು. ಅವರ ಅಪ್ಪನ ಹೆಸರು ಬರೆದುಕೊಂಡವರು ಯಾರೋ ಸಾಹೇಬರು. ಮೊಮ್ಮಗನ ಹೆಸರು ಬರೆದವನು ನಾನು. ಖುಲಾಸೆಯಾದ ದಿನ ನಮ್ಮ ಪರದೆಯ ಕೆಳಗೆ ಒಂದು ಸಾಲೂ ಓಡಿರಲಿಲ್ಲ.

ಮರೆಯಲ್ಪಡುವ ಹಕ್ಕಿನ ಬಗ್ಗೆ ನಾನು ಸ್ಟುಡಿಯೋದಲ್ಲಿ ಚರ್ಚೆ ನಡೆಸಿದ್ದೇನೆ. 2017ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಬ್ಬ ಹೆಣ್ಣುಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಿ ಅಂದಿತು. ಅದೇ ಆಗಸ್ಟ್‌ನಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಸಾರಿತು. ಎಲ್ಲ ಬಾಯಿಪಾಠ ಇತ್ತು ನನಗೆ. ನಮ್ಮದೇ ಹಳೇ ವಿಡಿಯೋ ನೋಡಬೇಕು ಅಂತ ಮಾತ್ರ ಹೊಳೆದಿರಲಿಲ್ಲ.

ಬೆಂಗಳೂರಿಗೆ ಬಂದು ತೀರ್ಪಿನ ಪ್ರತಿ ಜೊತೆಗಿಟ್ಟು ಒಂದು ಮೇಲ್ ಕಳಿಸಿದೆ. ಮರುದಿನ ವಿಡಿಯೋ ಹೋಯಿತು. ಇದೇ ವಿಡಿಯೋ ತೆಗೆಸಲು ಆ ಹುಡುಗ ಮೂರು ವರ್ಷ ಅಲೆದಿದ್ದ. ಬರೆದವನಿಗೆ ಅಳಿಸುವುದು ಅಷ್ಟು ಸುಲಭ. ಬರೆಸಿಕೊಂಡವನಿಗೆ ಅಷ್ಟು ಕಷ್ಟ. ಹಾಗಾದರೆ ಅಳಿಸುವ ಕೆಲಸ ಯಾರ ಮೇಲಿರಬೇಕು? ಖುಲಾಸೆ ಆದ ದಿನವೇ ಠಾಣೆಯ ಕಡತ, ಕೋರ್ಟಿನ ಜಾಲತಾಣ, ನಮ್ಮಂಥವರ ಪರದೆ, ಎಲ್ಲ ಕಡೆಯೂ ಅದು ತಾನಾಗಿಯೇ ದಾಖಲಾಗಲಿ ಅಂತ ಕೇಳುವುದು ದೊಡ್ಡ ಬೇಡಿಕೆಯಾ?

ಹುಡುಗನ ಅರ್ಜಿ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಆ ಕಾಲಂನಲ್ಲಿ ಅವನು ನಿಜವನ್ನೇ ಬರೆದಿದ್ದಾನೆ.